ಪದ್ಮಿನಿಯ ಮಳೆಗಾಲದ ತಯಾರಿ

ಅಪ್ಪ ಎಂಬತ್ತರ ದಶಕದಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿಯನ್ನು ನೋಡಿದವರೆಲ್ಲ ಹೇಳುವುದು ಒಂದೇ ಮಾತು: ಹೊಸ ಬಣ್ಣ ಹೊಡೆಸಿ, ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಬಿಡಿ. ನನ್ನ ಗರಜು ಬೇರೆ. ಶಿರಸಿಯಿಂದ ನನ್ನ ಶಾಲೆಗೆ ಹೋಗುವ ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜೂನ್‌ನಿಂದ ಈ ಕಾರಿನಲ್ಲೇ ದಿನವೂ ಓಡಾಡುವುದೆಂದು ನಿಶ್ಚಯಿಸಿ ಗ್ಯಾರೇಜಿಗೆ ಒಯ್ದೆ.

“ಮಾಸ್ತರೇ, ನಿಲ್ಲಿಸಿ ನೋಡುವುದಕ್ಕೋ, ಓಡಿಸುವುದಕ್ಕೋ?” ಎಂದರು ಗ್ಯಾರೇಜಿನ ಸಾಹೇಬರು.

“ಓಡಿಸುವುದಕ್ಕೆ.”

“ಹಾಗಾದರೆ ಬಣ್ಣದ ಮಾತು ಬೇಡ.”

ಅವರು ಮೊದಲು ತೆಗೆದದ್ದು ಎಂಜಿನ್ ಆಯಿಲ್ ಹಾಕುವ ಮುಚ್ಚಳವನ್ನು. ಒಳಗಡೆ ಬೆಣ್ಣೆಯಂಥ ಬಿಳಿ ಜಿಡ್ಡು. ಎಂಜಿನ್ನಿನ ನೀರೂ ಆಯಿಲೂ ಒಂದಕ್ಕೊಂದು ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ನನ್ನ ಎದೆ ಧಸಕ್ಕೆಂದಿತು. ಸಾಹೇಬರು ರೇಡಿಯೇಟರ್ ನೀರು ನೋಡಿದರು. ಅದರಲ್ಲಿ ಆಯಿಲಿನ ಅಂಶವೇ ಇರಲಿಲ್ಲ. ಕಾರಣ ಥರ್ಮೋಸ್ಟಾಟ್, ಅಂದರೆ ಎಂಜಿನ್ ತಕ್ಕಷ್ಟು ಬಿಸಿಯಾಗುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ. ಎಂಜಿನ್ ಬಿಸಿಯಾಗಬಾರದೆಂದು ಹಿಂದೆ ಯಾರೋ ಅದನ್ನು ಕಿತ್ತೆಸೆದಿದ್ದರು. ಬಯಲುಸೀಮೆಯ ಬೇಸಿಗೆಯಲ್ಲಿ ಅದು ನಡೆದೀತು. ಶಿರಸಿಯ ಜಡಿಮಳೆಯಲ್ಲಿ ಪೇಟೆಯೊಳಗಷ್ಟೇ ಓಡಾಡುವ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗೆ ಕಟ್ಟಿದ ತೇವ ಆವಿಯಾಗಿ ಹೋಗದೆ ಆಯಿಲಿನಲ್ಲಿ ಕಲೆತು ಹೀಗೆ ಜಿಡ್ಡಾಗುತ್ತದೆ. ನಮ್ಮ ಊರಿನಲ್ಲಿ ಹಳೆಯ ಎಂಜಿನ್ನುಗಳು ಶಾಖಕ್ಕಿಂತ ಥಂಡಿಗೇ ಹೆಚ್ಚು ಸವೆಯುತ್ತವೆ ಎಂಬುದು ಸಾಹೇಬರ ವಾದ, ಈಗ ನನ್ನದೂ ಅದೇ.

ಹೊಸ ಥರ್ಮೋಸ್ಟಾಟ್ ಮುಂಬಯಿಯಿಂದ ಬರಬೇಕಾಯಿತು. ಈ ಕಾರು ಹುಟ್ಟಿದ್ದೂ ಅಲ್ಲಿನ ಕುರ್ಲಾದಲ್ಲೇ. 2023ರ ಅಕ್ಟೋಬರ್‌ನಲ್ಲಿ ಪದ್ಮಿನಿ ಟ್ಯಾಕ್ಸಿಗಳು ಆ ನಗರದ ರಸ್ತೆಯಿಂದ ಪೂರ್ತಿ ಇಳಿದವು. ಹಾಗಾಗಿ ಸಿಕ್ಕಾಗಲೇ ಒಂದು ಹೆಚ್ಚಿಗೆ ತರಿಸಿಡುವುದು ಒಳ್ಳೆಯದು. ಬ್ರೇಕಿನ ವ್ಹೀಲ್ ಸಿಲಿಂಡರ್ ಕಿಟ್‌ಗಳನ್ನೂ ಜೊತೆಗೇ ತರಿಸಿದೆವು. ದೀಪ ಮಂಕಾಗಿದ್ದುದಕ್ಕೆ ಬಲ್ಬು ಕಾರಣವಾಗಿರಲಿಲ್ಲ. ಅರ್ಥಿಂಗ್ ತಂತಿ ಕಾರಿನ ಮೈಗೆ ಸೇರುವ ಜಾಗಗಳೆಲ್ಲ ತುಕ್ಕು ಹಿಡಿದಿದ್ದವು. ಉಜ್ಜಿ, ಗ್ರೀಸ್ ಸವರಿ, ಹೆಡ್‌ಲೈಟಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಡುವ ರಿಲೇ ಹಾಕಿದ ಮೇಲೆ ಬೆಳಕು ಬಂತು. ಎಥೆನಾಲ್ ಬೆರೆತ ಈಗಿನ ಪೆಟ್ರೋಲು ಹಳೆಯ ರಬ್ಬರಿಗೆ ಆಗದು. ಪೈಪುಗಳನ್ನೂ, ಪೆಟ್ರೋಲು ಎಳೆಯುವ ಪಂಪಿನೊಳಗಿನ ರಬ್ಬರ್ ಪದರವಾದ ಡಯಾಫ್ರಾಮನ್ನೂ ಬದಲಿಸಿದೆವು.

ಮೇ ತಿಂಗಳ ಒಂದು ಭಾನುವಾರ ಪರೀಕ್ಷೆಗೆಂದು ಸಾಹೇಬರನ್ನು ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿದೆ. ನಾಲ್ಕೂ ಚಕ್ರಕ್ಕೆ ಬೇಗ ಕಾಯುವ ಡ್ರಮ್ ಬ್ರೇಕೇ ಇರುವ ಕಾರು. ಇಳಿಜಾರಿನಲ್ಲಿ ಗೇರು ಇಳಿಸಿ ಎಂಜಿನ್ನಿನ ಹಿಡಿತದಲ್ಲೇ ಬಿಡಬೇಕು, ಪೆಡಲ್ ತಿರುವಿನಲ್ಲಿ ಮಾತ್ರ. ಕುಮಟಾ ತನಕ ತಕರಾರಿಲ್ಲ.

ಮರಳುವಾಗ ಕತಗಾಲದಲ್ಲಿ ಚಹಾಕ್ಕೆಂದು ಕಾರು ನಿಲ್ಲಿಸಿದೆವು. ಸುಡು ಮಧ್ಯಾಹ್ನ. ಅಲ್ಲಿಂದ ಹೊರಟು ಘಟ್ಟದ ಏರು ಹತ್ತುವಾಗ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಿಂದೆ ಲಾರಿಗಳ ಸಾಲು, ಹಾರನ್ನುಗಳ ಗಲಾಟೆ. ಸಾಹೇಬರು ಗಡಿಬಿಡಿ ಮಾಡಲೇ ಇಲ್ಲ. ಬಾನೆಟ್ ಎತ್ತಿ, ಪಂಚೆ ತುಂಡೊಂದನ್ನು ನೀರಿನಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿ, ಲಾರಿಯವರಿಗೆ ಬದಿಯಿಂದ ಹೋಗಲು ಕೈ ಬೀಸಿದರು. ನಿಂತ ಎಂಜಿನ್ನಿನ ಕಾವಿಗೆ ಪೈಪಿನೊಳಗಿನ ಪೆಟ್ರೋಲು ಕುದಿದು ಆವಿಯಾಗಿತ್ತು. ಪದ್ಮಿನಿಯ ಪಂಪು ಇರುವುದು ಎಂಜಿನ್ನಿನ ಮೈಮೇಲೆ, ಟ್ಯಾಂಕು ಹಿಂದೆ ಡಿಕ್ಕಿಯಲ್ಲಿ. ಅಷ್ಟು ದೂರದಿಂದ ಹೀರಿಕೊಳ್ಳಬೇಕಾದ ಪಂಪಿಗೆ ಆವಿ ಸಿಕ್ಕರೆ ಕೆಲಸ ಸಾಗದು. ಬಟ್ಟೆ ಒಣಗುವಷ್ಟರಲ್ಲಿ ಕಾರು ಹೊರಟಿತು.

“ಒದ್ದೆ ಬಟ್ಟೆ ದಿನದ ಔಷಧಿಯಲ್ಲ” ಎಂದು ಮರುವಾರ ಸಾಹೇಬರು ಟ್ಯಾಂಕಿನ ಬಳಿಯೇ ಒಂದು ಎಲೆಕ್ಟ್ರಿಕ್ ಪಂಪು ಕೂರಿಸಿದರು. ಹಿಂದಿನಿಂದ ಒತ್ತಿ ಕಳಿಸಿದ ಪೆಟ್ರೋಲು ಸುಲಭಕ್ಕೆ ಆವಿಯಾಗದು. ಕಾರ್ಬುರೇಟರ್‌ಗೆ ಕಡಿಮೆ ಒತ್ತಡದ ಪಂಪೇ ಆಗಬೇಕು; ಇಂಜೆಕ್ಷನ್ ಕಾರಿನದನ್ನು ಹಾಕಿದರೆ ಪೆಟ್ರೋಲು ಉಕ್ಕಿ ಹರಿಯುತ್ತದೆ. ಎಂಜಿನ್ ನಿಂತೊಡನೆ ಪಂಪೂ ನಿಲ್ಲುವಂತೆ ಆಯಿಲ್ ಪ್ರೆಷರ್ ಸ್ವಿಚ್ಚಿಗೆ ಅದನ್ನು ಜೋಡಿಸಿದ್ದಾರೆ. ಅಪಘಾತವಾದರೆ ಪೆಟ್ರೋಲು ಸುರಿಯುತ್ತಲೇ ಇರಬಾರದಲ್ಲ. ಮೂಲ ಸ್ವರೂಪ ಕೆಟ್ಟಿತೆಂದು ಹಳೆಯ ಕಾರುಗಳ ಭಕ್ತರೊಬ್ಬರು ಮುಖ ಸಿಂಡರಿಸಿದರು. ಅವರ ಕಾರು ವರ್ಷವಿಡೀ ಶೆಡ್ಡಿನಲ್ಲಿರುತ್ತದೆ, ಅವರಿಗೆ ಅದು ಸರಿಯೇ.

ಈಗ ಆಷಾಢದ ಮಳೆ. ಕಾರು ಬೆಳಿಗ್ಗೆ ಚೋಕ್ ಎಳೆದೊಡನೆ ಹೊರಡುತ್ತದೆ, ಮುಚ್ಚಳದ ಜಿಡ್ಡೂ ಹೋಗಿದೆ. ಬಾಗಿಲಿನ ರಬ್ಬರ್ ಬೀಡಿಂಗ್ ಮಾತ್ರ ಹುಬ್ಬಳ್ಳಿಯಿಂದ ಇನ್ನೂ ಬಂದಿಲ್ಲ. ಚಾಲಕನ ಬದಿ ಸೋರುವುದರಿಂದ ಹವಾಯಿ ಚಪ್ಪಲಿಯಲ್ಲಿ ಓಡಿಸಿ, ಶಾಲೆಯ ಜಗಲಿಯಲ್ಲಿ ಕಾಲೊರೆಸಿಕೊಂಡು ಬೂಟು ಹಾಕಿಕೊಳ್ಳುತ್ತೇನೆ.