ಏಡಿಮರಿಗಳ ಎಣಿಕೆ: ಕಲಘಟಗಿ ಸೀಮೆಯ ಹಳ್ಳದಲ್ಲಿ ಆರನೆಯ ರವಿವಾರ

ಮೃಗಶಿರಾ ಮಳೆ ಬಿದ್ದು ಹಳ್ಳಕ್ಕೆ ಜೀವ ಬಂದ ಮೇಲೆ ಆರಂಭಿಸಿದ ನಮ್ಮ ಎಣಿಕೆಗೆ ನಿನ್ನೆ ಆರನೆಯ ರವಿವಾರ. ಬೇಡ್ತಿ ನದಿಯನ್ನು ಸೇರುವ ಈ ಸಣ್ಣ ಹಳ್ಳದ 50 ಮೀಟರ್ ಉದ್ದವನ್ನು ಹುಬ್ಬಳ್ಳಿಯ ನಾವು ನಾಲ್ವರು ಸ್ವಯಂಸೇವಕರು ಆರಿಸಿಕೊಂಡಿದ್ದೇವೆ. ಪಿವಿಸಿ ಪೈಪಿನಿಂದ ಮಾಡಿದ ಒಂದು ಮೀಟರಿನ ಚೌಕಟ್ಟನ್ನು ಹತ್ತು ಕಡೆ ಇಟ್ಟು, ಒಳಗಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಸಿಕ್ಕ ಮರಿಯ ಬೆನ್ನಚಿಪ್ಪಿನ ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು, ಫೋಟೊ ತೆಗೆದು, ಕಲ್ಲನ್ನು ಇದ್ದಂತೆಯೇ ಇಡುತ್ತೇವೆ. ಫೋಟೊಗಳು ಸ್ಥಳ, ದಿನಾಂಕಗಳೊಂದಿಗೆ, ಜನರು ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಸೇರುತ್ತವೆ. ಮೊದಲ ವಾರ ನೀರು ಹರಿಯುವ ದಿಕ್ಕಿನಲ್ಲೇ ನಡೆದು, ನಾವೇ ಎಬ್ಬಿಸಿದ ರಾಡಿಯಲ್ಲಿ ಏನೂ ಕಾಣದಾಯಿತು. ಈಗ ಕೆಳಗಿನಿಂದ ಮೇಲಕ್ಕೆ ನಡೆಯುತ್ತೇವೆ.

ದೊಡ್ಡ ಏಡಿಗಳನ್ನು ಬಿಟ್ಟು ಮರಿಗಳನ್ನೇ ಏಕೆ ಎಣಿಸುತ್ತೀರಿ ಎಂದು ಹಲವರು ಕೇಳಿದ್ದಾರೆ. ಕಡಲಿನ ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ; ಅದರಿಂದ ಹೊರಬರುವ ಜೋಯಿಯಾ ಎಂಬ ಡಿಂಭ (ಮರಿಯ ಮೊದಲ ರೂಪ) ಏಡಿಯಂತೆ ಕಾಣುವುದೇ ಇಲ್ಲ, ಅದು ವಾರಗಟ್ಟಲೆ ತೇಲುತ್ತ ಹುಟ್ಟಿದಲ್ಲಿಂದ ಬಹುದೂರ ಹೋಗಿ ನೆಲೆಸಬಲ್ಲದು. ನಮ್ಮ ಸಿಹಿನೀರಿನ ಏಡಿಗೆ ಆ ಘಟ್ಟವೇ ಇಲ್ಲ. ಮೊಟ್ಟೆಗಳು ಕಡಿಮೆ, ಆದರೆ ದೊಡ್ಡವು; ಮರಿ ಏಡಿಯಾಗಿಯೇ ಹೊರಬಂದು, ಕೆಲಕಾಲ ತಾಯಿಯ ಹೊಟ್ಟೆಯ ಮಡಿಕೆಯಲ್ಲಿ ಉಳಿಯುತ್ತದೆ. ಆದ್ದರಿಂದ ಒಂದು ಹಳ್ಳದ ಏಡಿಗಳು ಕೀಟನಾಶಕಕ್ಕೋ ಮರಳು ತೆಗೆಯುವುದಕ್ಕೋ ಬಲಿಯಾದರೆ, ದೂರದಿಂದ ತೇಲಿಬಂದು ಆ ಜಾಗವನ್ನು ತುಂಬುವ ಮರಿಗಳಿರುವುದಿಲ್ಲ. ಈ ಒಂದು ಸಂಗತಿಗಾಗಿಯೇ ನಾನು ಪ್ರತಿ ರವಿವಾರ ನಸುಕಿನಲ್ಲಿ ಏಳುತ್ತೇನೆ.

ಮೂರನೆಯ ವಾರ ಅಂಥ ತಾಯಿಯೊಂದು ಸಿಕ್ಕಿತು. ಒದ್ದೆ ಕೈಯಿಂದ ಚಿಪ್ಪಿನ ಎರಡೂ ಬದಿ ಹಿಡಿದು ತಿರುಗಿಸಿದಾಗ, ಅಗಲವಾದ ಮಡಿಕೆಯ ಅಂಚಿನಲ್ಲಿ ಜೋಳದ ಕಾಳಿನಷ್ಟು ಮರಿಗಳು ಒತ್ತೊತ್ತಾಗಿ ಕುಳಿತಿದ್ದವು. ಒಂದು ಜಾರಿ ನನ್ನ ಅಂಗೈಗೆ ಬಿತ್ತು. ಬಿದ್ದದ್ದೇ ತಡ, ಕೂದಲೆಳೆಯಂಥ ಕಾಲುಗಳ ಮೇಲೆ ಎದ್ದು ಎರಡೂ ಇಕ್ಕಳಗಳನ್ನು ನನ್ನತ್ತ ಎತ್ತಿ ನಿಂತಿತು. ಅಳೆಯಲು ಮನಸ್ಸಾಗಲಿಲ್ಲ. ತಾಯಿಯನ್ನೂ ಅದನ್ನೂ ಅದೇ ಕಲ್ಲಿನಡಿ ಬಿಟ್ಟೆವು.

ಗುರುತು ಹಾಕುವ ಯೋಜನೆ ಮಾತ್ರ ಕೈಕೊಟ್ಟಿತು. ಒಂದೇ ಮರಿಯನ್ನು ಎರಡು ಸಲ ಎಣಿಸಬಾರದೆಂದು ಸ್ವಲ್ಪ ಬಲಿತ ಮರಿಗಳ ಬೆನ್ನಿಗೆ ನೇಲ್ ಪಾಲಿಶಿನ ಚುಕ್ಕೆ ಇಟ್ಟಿದ್ದೆವು. ಐದನೆಯ ವಾರ ಚುಕ್ಕೆಯಿದ್ದ ಒಂದೂ ಕಾಣದೆ ಕಂಗಾಲಾಗಿದ್ದಾಗ, ಕಲ್ಲಿನಡಿ ಕೆಂಪು ಚುಕ್ಕೆ ಹಾಗೆಯೇ ಉಳಿದಿದ್ದ, ಒಳಗೇನೂ ಇಲ್ಲದ ಒಂದು ಚಿಪ್ಪು ಸಿಕ್ಕಿತು. ಮರಿ ಪೊರೆ ಕಳಚಿ, ನಮ್ಮ ಗುರುತನ್ನು ಅದರಲ್ಲೇ ಬಿಟ್ಟು ಹೋಗಿತ್ತು. ಬೆಳೆಯುವ ಏಡಿ ಮತ್ತೆ ಮತ್ತೆ ಚಿಪ್ಪು ಬದಲಿಸುತ್ತದೆಂದು ಓದಿದ್ದರೂ ಅದು ಹೊಳೆದಿರಲಿಲ್ಲ. ಇನ್ನು ಮುಂದೆ ಚುಕ್ಕೆಯಿಲ್ಲ. ಸಿಕ್ಕ ಪೊರೆಗಳನ್ನೂ ಅಳೆದು ಪ್ರತ್ಯೇಕವಾಗಿ ಬರೆದಿಡುತ್ತೇವೆ.

ನಿನ್ನೆ ನೀರಿನ ಸೆಳೆತ ಹೆಚ್ಚಾಗಿ ನಾಲ್ಕು ಚೌಕಗಳನ್ನಷ್ಟೇ ನೋಡಲಾಯಿತು. ಗದ್ದೆಯ ಒಡ್ಡಿನ ಮೇಲೆ ನಿಂತಿದ್ದ ಹಿರಿಯ ರೈತರೊಬ್ಬರು, "ಸಾರು ಮಾಡಾಕ ಒಯ್ಯಾಕತ್ತೀರೇನ್ರಿ?" ಎಂದು ಕೇಳಿದರು. ಕೆಲಸ ಏನೆಂದು ತಿಳಿದ ಮೇಲೆ, "ಬ್ಯಾಸಗ್ಯಾಗ ಬರ್ರೀ, ತೂತಿನ ಬಾಯಿಗೆ ಮಣ್ಣು ಮೆತ್ತಿಕೊಂಡು ಒಳಗ ಕುಂತಿರ್ತಾವ, ತೋರಸ್ತೀನಿ" ಎಂದು ಒಡ್ಡಿನಲ್ಲಿದ್ದ ಮೂರು ಬಿಲಗಳನ್ನು ತೋರಿಸಿದರು. ಮೂರನ್ನೂ ನಕ್ಷೆಯಲ್ಲಿ ಗುರುತಿಸಿ, ಮಾರ್ಚ್ ತಿಂಗಳ ಪುಟದಲ್ಲಿ ಅವರ ಹೊಲದ ಭೇಟಿಯನ್ನು ಬರೆದುಕೊಂಡಿದ್ದೇವೆ.