ಇಳಿಸುವ ಸರದಿ

1997ರ ಆಗಸ್ಟ್ 15, ಸ್ವಾತಂತ್ರ್ಯದ ಸುವರ್ಣ ಮಹೋತ್ಸವ. ಒಂಬತ್ತನೆಯ ತರಗತಿಯಲ್ಲಿದ್ದ ನನಗೆ ಪ್ರಬಂಧ ಸ್ಪರ್ಧೆಯಲ್ಲಿ ಮೊದಲ ಬಹುಮಾನವಾಗಿ ಸ್ಟೀಲ್ ಚೊಂಬು ಬಂದಿತ್ತು. ವಿಷಯ: ಸ್ವಾತಂತ್ರ್ಯ ಮತ್ತು ಜವಾಬ್ದಾರಿ. ಗೌರಿಬಿದನೂರು ಸೀಮೆಯ ಹುಡುಗರು ಇದಕ್ಕೆ ಪೀಠಿಕೆ ಹುಡುಕಬೇಕಿರಲಿಲ್ಲ, ವಿದುರಾಶ್ವತ್ಥ ಪಕ್ಕದಲ್ಲೇ ಇದೆ. 1938ರ ಏಪ್ರಿಲ್ 25ರಂದು ನಿಷೇಧ ಲೆಕ್ಕಿಸದೆ ಧ್ವಜ ಹಾರಿಸಲು ಅಲ್ಲಿ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನೇ ಒಂದೂವರೆ ಪುಟ ಬರೆದಿದ್ದೆ. ಜವಾಬ್ದಾರಿಗೆ ಉಳಿದದ್ದು ಐದಾರು ಸಾಲು.

ಅಂದು ಧ್ವಜ ಇಳಿಸುವ ಸರದಿಯೂ ನನ್ನದೇ. ಏರಿಸುವಾಗ ಅತಿಥಿಗಳು, ಬ್ಯಾಂಡು, ಹೂವಿನ ಎಸಳು, ಲಾಡು ಎಲ್ಲ ಇರುತ್ತದೆ. ಇಳಿಸುವಾಗ ಇರುವುದು ಖಾಲಿ ಮೈದಾನ. ಸೂರ್ಯ ಮುಳುಗುವುದರೊಳಗೆ ಇಳಿಸಲೇಬೇಕೆಂಬುದು ಆಗಿನ ನಿಯಮ. ಆರಕ್ಕೆ ಬಾ ಎಂದಿದ್ದರು ಡ್ರಿಲ್ ಮೇಷ್ಟ್ರು. ನಾನು ಕೆರೆಯಂಗಳದಲ್ಲಿ ಕ್ರಿಕೆಟ್ ಆಡುತ್ತ ಮೈಮರೆತೆ. ದಪ್ಪ ಹನಿ ಬಿದ್ದಾಗ ಮೊದಲು ನೆನಪಾದದ್ದು ವಿಕೆಟ್ ಪಕ್ಕದಲ್ಲಿಟ್ಟಿದ್ದ ಚೊಂಬು. ಆಮೇಲೆ ಧ್ವಜ.

ಏದುಸಿರು ಬಿಡುತ್ತ ಬಂದರೆ ಮೇಷ್ಟ್ರು ಕೊಡೆ ಹಿಡಿದು ಕಂಬದ ಬುಡದಲ್ಲಿ ನಿಂತಿದ್ದರು. ಹಗ್ಗ ಮುಟ್ಟಿರಲಿಲ್ಲ. “ಇನ್ನೂ ಐದು ನಿಮಿಷ ಇದೆ. ಗಂಟು ನೆಂದು ಬಿಗಿದಿರುತ್ತದೆ, ಅವಸರ ಮಾಡಬೇಡ” ಎಂದರು, ಅಷ್ಟೇ. ಉಗುರಿಗೆ ಬಗ್ಗದ ಗಂಟಿಗೆ ಹಲ್ಲು ಹಾಕಿದೆ. ರಾಟೆ ಕಿರುಗುಟ್ಟುತ್ತ ಧ್ವಜ ಇಳಿಯಿತು. ನೆಂದ ಖಾದಿ ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ. ನೆಲಕ್ಕೆ ತಾಗುತ್ತದೆಂದು ಮೇಷ್ಟ್ರು ಕೊಡೆ ಬಿಸುಟು ಇನ್ನೊಂದು ಅಂಚು ಹಿಡಿದರು. ಅವರೇ ಇಳಿಸಬಹುದಿತ್ತಲ್ಲ ಎಂದು ಆಗ ಸಿಟ್ಟು ಬಂದಿತ್ತು. ಈಗಲೂ ಅವರು ಮಾಡಿದ್ದು ಪೂರ್ತಿ ಸರಿ ಎನ್ನಲಾರೆ, ಧ್ವಜ ನೆನೆಯುತ್ತಿತ್ತು. ಮಾರನೆಯ ದಿನ ಒಣಗಿದ ಮೇಲೆ ಮಡಿಸಲು ಕಲಿಸಿದರು: ಕೇಸರಿ, ಹಸಿರು ಎರಡೂ ಬಿಳಿಯ ಅಡಿಗೆ ಹೋಗಬೇಕು, ಮೇಲೆ ಚಕ್ರ ಕಾಣಬೇಕು. ನಾಲ್ಕು ಸಲ ಬಿಚ್ಚಿಸಿ ಮಡಿಸಿಸಿದರು.

ಮನೆಯ ಮೇಲೆ ವರ್ಷವಿಡೀ ಧ್ವಜ ಹಾರಿಸುವ ಅವಕಾಶ ಆಗ ನಮಗೆ ಇರಲಿಲ್ಲ. ಅದು ಸಿಕ್ಕಿದ್ದು 2002ರ ಧ್ವಜ ಸಂಹಿತೆಯಿಂದ. ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಆದರೆ ಗೌರವದಿಂದ ಹಾರಿಸಬೇಕು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಿಂದ ರಾತ್ರಿಯೂ ಹಾರಿಸಬಹುದು. ಆ ವರ್ಷ ನಮ್ಮ ಬೀದಿಯ ಮನೆಮನೆಯಲ್ಲೂ ಧ್ವಜವಿತ್ತು. ಸೆಪ್ಟೆಂಬರ್ ಬಂದರೂ ಕೆಲವು ಮಾಸಿ, ಅಂಚು ಹರಿದು ಅಲ್ಲೇ ನೇತಾಡುತ್ತಿದ್ದವು. ಎರಡು ಮನೆಯವರನ್ನು ಕೇಳಿ ನಾನೇ ಇಳಿಸಿದೆ. ಮೂರನೆಯವರು ನಿಮಗೇಕೆ ಎಂದರು.

ಶಾಲೆಯಲ್ಲಿ ಈಗ ಸಂಜೆಯ ಸರದಿ ಯಾರದು? ಆ ರಾಟೆಗೆ ಯಾರಾದರೂ ಎಣ್ಣೆ ಬಿಟ್ಟಿದ್ದಾರೆಯೇ?