ಯೆರೆಮೀಯನ ಕಾಗದವನ್ನು ಪೂರ್ತಿ ಓದಿದ ಮೇಲೆ

ಬೈಬಲಿನ ಯೆರೆಮೀಯ 29:11 ಗೊತ್ತಿಲ್ಲದ ಕ್ರೈಸ್ತರ ಮನೆ ಕಾರವಾರದಲ್ಲಿ ಸಿಗುವುದು ಕಷ್ಟ. ಕ್ಯಾಲೆಂಡರಿನಲ್ಲಿ ಅದೇ, ಮದುವೆ ಕಾರ್ಡಿನಲ್ಲಿ ಅದೇ, ಬೆಳಿಗ್ಗೆ ವಾಟ್ಸಾಪ್ ತೆರೆದರೆ ಗುಲಾಬಿ ಹೂವಿನ ಚಿತ್ರದ ಮೇಲೂ ಅದೇ. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದಲ್ಲ, ಒಳ್ಳೆಯದು, ನಿಮಗೆ ಮುಂದೊಂದು ದಿನ ಇದೆ, ನಿರೀಕ್ಷೆ ಇದೆ ಅಂತ ದೇವರು ಹೇಳುವ ಮಾತು. ಪರೀಕ್ಷೆಗೆ ಹೊರಟ ಮಕ್ಕಳಿಗೂ ಆಸ್ಪತ್ರೆಯಲ್ಲಿ ಇರುವವರಿಗೂ ಇದನ್ನೇ ಕಳಿಸುತ್ತೇವೆ. ಕಳಿಸಬೇಕು ಕೂಡ. ಆದರೆ ಅದರ ಹಿಂದಿನ ಹತ್ತು ವಚನಗಳನ್ನು ಯಾರೂ ಕಳಿಸುವುದಿಲ್ಲ, ಅಲ್ವಾ?

ಅದು ಒಂದು ಕಾಗದದ ನಡುವಿನ ಸಾಲು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಜೆರುಸಲೇಮಿನಿಂದ ಅಲ್ಲಿನ ರಾಜನನ್ನು, ಅರಮನೆಯವರನ್ನು, ಕಮ್ಮಾರರನ್ನು, ಕುಶಲಕರ್ಮಿಗಳನ್ನು ಹಿಡಿದುಕೊಂಡು ಬಾಬಿಲೋನಿಗೆ ಹೋದ. ಊರಲ್ಲೇ ಉಳಿದ ಪ್ರವಾದಿ ಯೆರೆಮೀಯ ಅವರಿಗೆ ಕಾಗದ ಬರೆಯುತ್ತಾನೆ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಎಲ್ಲರೆದುರು ನಿಂತು, ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಅಂತ ಹೇಳಿದ್ದಾನೆ. ಯೆರೆಮೀಯ ಬರೆಯುವುದು 70 ವರ್ಷ ಅಂತ. ಆ ಕಾಗದ ಕೈಗೆ ಬಂದಾಗ 30 ವರ್ಷ ಆಗಿದ್ದವನಿಗೆ ಇದರ ಅರ್ಥ ಏನು ಅಂತ ಸುಮ್ನೆ ಲೆಕ್ಕ ಹಾಕಿ ನೋಡಿ. ನಿರೀಕ್ಷೆ ಇದೆ, ಆದರೆ ಅದನ್ನು ಕಣ್ಣಾರೆ ನೋಡುವುದು ನಿನ್ನ ಮೊಮ್ಮಗ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಹಿಡಿದು ತಂದ ಆ ಊರಿನ ಒಳಿತಿಗಾಗಿ ಪ್ರಾರ್ಥನೆ ಮಾಡಿ.

ಗುರುವಾರ ಸಂಜೆ ನಾವು ಕೆಲವರು ಒಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದುತ್ತೇವೆ. ಈ ಅಧ್ಯಾಯ ಓದಿದ ದಿನ ಒಬ್ಬ ಅಕ್ಕ ಜಾಸ್ತಿ ಹೊತ್ತು ಮಾತೇ ಆಡಲಿಲ್ಲ. ಅವರದು ಯೋಜನೆಗೆ ಜಾಗ ಬಿಟ್ಟುಕೊಟ್ಟು ಬಂದ ಮನೆತನ. ನಮ್ಮ ಜಿಲ್ಲೆಯಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ, ಸೂಪಾ ಅಣೆಕಟ್ಟೆಯಿಂದ ಹಿಡಿದು ನೌಕಾನೆಲೆಯವರೆಗೆ. ಕೊನೆಗೆ ಅವರು ಹೇಳಿದ್ದು ಇಷ್ಟು: "ಹೊಸ ಜಾಗದಲ್ಲಿ ತೆಂಗಿನ ಸಸಿ ನೆಡೋಕೆ ಅಪ್ಪ ಒಪ್ಪಲೇ ಇಲ್ಲ. ನೆಟ್ಟರೆ ಇಲ್ಲೇ ಉಳಿದ ಹಾಗೆ ಅಂತಿದ್ರು. ಅಮ್ಮ ಅವರಿಲ್ಲದಾಗ ಎರಡು ನೆಟ್ಟಳು. ದೇವರು ಬಾಬಿಲೋನಿಗೆ ಹೋದ ಇವರಿಗೆ ತೋಟ ಮಾಡಿ ಅಂತಾನಲ್ಲ, ಇವರಿಗೆ ಎಷ್ಟು ಸಿಟ್ಟು ಬಂದಿರಬೇಕು."

ಸಿಟ್ಟು ಬಂದಿತ್ತು. ಅದೂ ಬೈಬಲಿನಲ್ಲೇ ಇದೆ. ಕೀರ್ತನೆ 137 ತೆಗೆದು ನೋಡಿ. ಬಾಬಿಲೋನಿನ ನದಿಗಳ ಹತ್ತಿರ ಕೂತು ಅಳುವ ಮೊದಲ ಸಾಲು ಎಲ್ಲರಿಗೂ ಇಷ್ಟ. ಕೊನೆಯ ವಚನದಲ್ಲಿ ಅದೇ ಬಾಯಿ ಬಾಬಿಲೋನಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಅನ್ನುತ್ತದೆ. ಆ ಊರಿಗಾಗಿ ಪ್ರಾರ್ಥಿಸಿ ಅನ್ನುವ ಕಾಗದವೂ ಈ ಕೀರ್ತನೆಯೂ ಒಂದೇ ಗ್ರಂಥದಲ್ಲಿವೆ, ಯಾವುದನ್ನೂ ಯಾರೂ ಕಿತ್ತು ಹಾಕಿಲ್ಲ. ನನ್ನ ಪ್ರಾರ್ಥನೆ ಬದಲಾದದ್ದು ಇವೆರಡನ್ನು ಒಟ್ಟಿಗೆ ಇಟ್ಟುಕೊಂಡು ಓದಿದ ಮೇಲೆ. ಈಗ ನನಗೆ ಅನ್ಯಾಯ ಮಾಡಿದವರ ಹೆಸರು ಹೇಳಿ ಪ್ರಾರ್ಥಿಸುವಾಗ ಮೊದಲು ಒಳಗಿನ ಸಿಟ್ಟನ್ನು ಇದ್ದ ಹಾಗೇ ದೇವರಿಗೆ ಹೇಳುತ್ತೇನೆ, ಆಮೇಲೆ ಅವರಿಗೆ ಒಳ್ಳೆಯದಾಗಲಿ ಅನ್ನುತ್ತೇನೆ. ಎರಡನೆಯದು ಇವತ್ತಿಗೂ ಸುಲಭ ಇಲ್ಲ.

ಹೆಚ್ಚು ಪ್ರಶ್ನೆ ಕೇಳಬೇಡಿ, ಓದು ಜಾಸ್ತಿ ಆದರೆ ಭಕ್ತಿ ಒಣಗುತ್ತದೆ ಅಂತ ಕೆಲವು ಹಿರಿಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪ್ರೇಷಿತರ ಕಾರ್ಯಕಲಾಪಗಳು 17ನೇ ಅಧ್ಯಾಯದಲ್ಲಿ ಬೆರೋಯ ಎಂಬ ಊರಿನ ಜನ ಪ್ರೇಷಿತ ಪೌಲ ಹೇಳಿದ್ದು ಹೌದೋ ಅಲ್ಲವೋ ಅಂತ ದಿನಾ ಧರ್ಮಗ್ರಂಥ ತೆಗೆದು ನೋಡುತ್ತಿದ್ದರು. ಪೌಲನನ್ನೇ! ಅದಕ್ಕೆ ಅವರನ್ನು ಯಾರೂ ಬೈಯಲಿಲ್ಲ, ಒಳ್ಳೆಯ ಮನಸ್ಸಿನವರು ಅಂತ ಹೊಗಳಿಯೇ ಬರೆದಿದೆ. ಇನ್ನೊಂದು ವಿಷಯ. ನಾವು ಈಗ ನೋಡುವ ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ, ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆಗಳು ಬಂದದ್ದು 1551ರಲ್ಲಿ. ಪೌಲನ ಕಾಗದ ಕೈಗೆ ಬಂದ ಸಭೆಯವರು ಅದನ್ನು ಮೊದಲಿಂದ ಕೊನೆಯವರೆಗೆ ಒಂದೇ ಸಲ ಕೇಳಿದವರು. ಫಿಲೆಮೋನನಿಗೆ ಬರೆದ ಪತ್ರ ಬರೀ 25 ವಚನ, ಒಂದು ಚಹಾ ಆರುವುದರೊಳಗೆ ಮುಗಿಯುತ್ತದೆ. ರೂತಳದು ನಾಲ್ಕು ಅಧ್ಯಾಯ. ಹೊಸದಾಗಿ ಶುರು ಮಾಡುವವರು ಇವುಗಳಿಂದಲೇ ಶುರು ಮಾಡಿ, ಇಡಿಯಾಗಿ ಓದಿ.

ಕರಾವಳಿಯವರಿಗೆ ಇನ್ನೊಂದು ಅನುಕೂಲ ಇದೆ. ಮತ್ತಾಯ 13ರಲ್ಲಿ ಯೇಸುಸ್ವಾಮಿ ಹೇಳುವ ಬಲೆಯ ಸಾಮತಿ, ಅಂದರೆ ದೃಷ್ಟಾಂತದ ಕಥೆ, ನಮಗೆ ಕಲ್ಪನೆ ಮಾಡಿಕೊಳ್ಳುವ ವಿಷಯವೇ ಅಲ್ಲ, ರಂಪಣಿ ಬಲೆ ಎಳೆಯುವಾಗ ದಂಡೆಗೆ ಹೋಗಿ ನಿಂತರೆ ಸಾಕು. ಬಲೆಯ ಒಂದು ತುದಿ ದಡದಲ್ಲೇ ಇರುತ್ತದೆ, ದೋಣಿ ಸುತ್ತು ಹಾಕಿ ಬಲೆ ಬಿಟ್ಟುಕೊಂಡು ಬರುತ್ತದೆ, ಆಮೇಲೆ ಎರಡೂ ಕಡೆ ಜನ ಸಾಲಾಗಿ ನಿಂತು ಹಗ್ಗ ಎಳೆಯುತ್ತಾರೆ. ಎಳೆಯುವಾಗ ಯಾರೂ ಮೀನು ಆರಿಸುವುದಿಲ್ಲ. ಬಂಗಡೆ, ತಾರ್ಲೆ, ಕೆಲಸಕ್ಕೆ ಬಾರದ್ದು, ಕಸ ಎಲ್ಲ ಒಟ್ಟಿಗೇ ಬರಬೇಕು. ಬಲೆ ಮರಳಿನ ಮೇಲೆ ಬಂದ ಮೇಲೇ ಬುಟ್ಟಿ ಇಟ್ಟುಕೊಂಡು ಕೂರುವುದು. ಸಾಮತಿಯಲ್ಲೂ ಹಾಗೇ, ಕೂತು ಆರಿಸುತ್ತಾರೆ, ಮತ್ತೆ ಕಾಲಾಂತ್ಯದಲ್ಲಿ ಆರಿಸುವ ಕೆಲಸ ದೇವದೂತರದ್ದು ಅಂತ ಸ್ಪಷ್ಟವಾಗಿ ಇದೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ, ಕಳೆಯನ್ನು ಈಗಲೇ ಕೀಳಬೇಡಿ, ಸುಗ್ಗಿಯವರೆಗೆ ಬಿಡಿ ಅನ್ನುವ ಸಾಮತಿ. ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತು ಯಾರು ನಿಜವಾದ ಭಕ್ತರು, ಯಾರು ಅಲ್ಲ ಅಂತ ಮಾತಾಡುವ ನಮಗೆಲ್ಲ ಈ ಅಧ್ಯಾಯವನ್ನು ಗಟ್ಟಿಯಾಗಿ ಓದಿ ಹೇಳಬೇಕು ಅನಿಸುತ್ತದೆ.

ಈಗ ಗುರುವಾರಗಳಲ್ಲಿ, ಎಲ್ಲ ಕಳೆದುಕೊಂಡು ನರಳಿದ ಯೋಬನ ಗ್ರಂಥ ನಡೆಯುತ್ತಿದೆ. ನಿನ್ನ ಆರಂಭ ಚಿಕ್ಕದಾಗಿದ್ದರೂ ಅಂತ್ಯ ದೊಡ್ಡದಾಗುತ್ತದೆ ಅನ್ನುವ 8:7 ಬಂತು. ನಮ್ಮಲ್ಲಿ ಒಬ್ಬರ ಅಂಗಡಿಯ ಗಲ್ಲೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ ವಚನ ಅದು. ಹೇಳಿದವನು ದೇವರಲ್ಲ, ಯೋಬನ ಗೆಳೆಯ ಬಿಲ್ದದ. 42ನೇ ಅಧ್ಯಾಯಕ್ಕೆ ಬಂದರೆ, ಈ ಗೆಳೆಯರು ನನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ ಅಂತ ದೇವರೇ ಸಿಟ್ಟಾಗುತ್ತಾನೆ. ಹಾಗಾದರೆ ಆ ಮಾತನ್ನು ಹೇಗೆ ತಗೋಬೇಕು ಅಂತ ಅಂಗಡಿಯವರು ಕೇಳಿದ್ದಾರೆ. ಮುಂದಿನ ವಾರ ಎಲ್ಲರೂ 4ರಿಂದ 8ನೇ ಅಧ್ಯಾಯದವರೆಗೆ ಮತ್ತೊಮ್ಮೆ ಓದಿಕೊಂಡು ಬರಬೇಕು ಅಂತಾಗಿದೆ.